ಕೆಂಪಾದ ರೀಲುಗಳು ಮತ್ತು ಒಂದು ಸ್ಕ್ಯಾನಿಂಗ್ ಸೇವೆ

ಹಳೆಯ ಸಿನಿಮಾ ಪ್ರಿಂಟುಗಳನ್ನು ಸ್ಕ್ಯಾನ್ ಮಾಡಿ ಡಿಜಿಟಲ್ ರೂಪಕ್ಕೆ ಇಳಿಸಿಕೊಡುವ ಬೆಂಗಳೂರಿನ ಒಂದು ಖಾಸಗಿ ಸೇವೆಯನ್ನು ಕುರಿತ ವಿಮರ್ಶೆ ಇದು. ಕಾರವಾರ, ಕುಮಟಾ ಮತ್ತು ಶಿರಸಿಯ ನಾವು ಕೆಲವು ಸಿನಿಮಾಸಕ್ತರು ಸೇರಿ, ಕರಾವಳಿಯಲ್ಲಿ ಹಿಂದೆ ಟೂರಿಂಗ್ ಟಾಕೀಸ್ ನಡೆಸುತ್ತಿದ್ದ ಮನೆತನವೊಂದರ ಅಟ್ಟದಲ್ಲಿ ಉಳಿದುಕೊಂಡಿದ್ದ ಎರಡು ಕನ್ನಡ ಚಿತ್ರಗಳ ರೀಲುಗಳನ್ನು ಅಲ್ಲಿಗೆ ಕಳುಹಿಸಿದ್ದೆವು. ಮೆಚ್ಚುಗೆಯ ಜೊತೆಗೆ ಆಕ್ಷೇಪಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಚಿತ್ರಗಳ ಹಕ್ಕುದಾರರ ಒಪ್ಪಿಗೆ ಇನ್ನೂ ಪೂರ್ತಿಯಾಗಿ ದೊರೆಯದ ಕಾರಣ ಅವುಗಳ ಹೆಸರನ್ನೂ ಬಿಟ್ಟಿದ್ದೇನೆ. ಇಂಥ ಕೆಲಸ ಮಾಡುವವರು ನಮ್ಮ ರಾಜ್ಯದಲ್ಲಿ ಹೆಚ್ಚಿಲ್ಲ, ಮತ್ತು ಯಾರ ಬಳಿಗೆ ಹೋದರೂ ಕೇಳಬೇಕಾದ ಪ್ರಶ್ನೆಗಳು ಅವೇ ಆಗಿರುವುದರಿಂದ, ಹೆಸರಿಲ್ಲದೆಯೂ ಈ ಬರಹ ರೀಲುಗಳನ್ನು ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬಂದೀತು.

ಈ ಬಗೆಯ ಸೇವೆಯನ್ನು ಅಳೆಯಲು ನಾನು ಇಟ್ಟುಕೊಂಡ ಅಳತೆಗೋಲನ್ನು ಮೊದಲೇ ಹೇಳಿಬಿಡುತ್ತೇನೆ. ಪರದೆಯ ಮೇಲೆ ಚಿತ್ರ ಎಷ್ಟು ಥಳಥಳಿಸುತ್ತದೆ ಎಂಬುದು ನನಗೆ ಎರಡನೆಯ ಮಾತು. ಪ್ರಿಂಟಿಗೆ ಹೊಸ ಗಾಯವಾಗದಂತೆ ಅದು ಇರುವ ಹಾಗೆಯೇ, ಯಾವ ತಿದ್ದುಪಡಿಯೂ ಇಲ್ಲದೆ ಸ್ಕ್ಯಾನ್ ಆಗಿದೆಯೇ, ಆ ಮೂಲ ಸ್ಕ್ಯಾನ್ ನಮ್ಮ ಕೈಗೆ ಬಂದಿದೆಯೇ ಎಂಬುದು ಮೊದಲನೆಯದು. ತಿದ್ದಿದ ಪ್ರತಿ ಇಂದಿನ ತಂತ್ರಜ್ಞರೊಬ್ಬರ ಅಭಿರುಚಿಗೆ ತಕ್ಕಂತೆ ಇರುತ್ತದೆ, ಹತ್ತು ವರ್ಷಗಳ ನಂತರ ಇನ್ನೊಬ್ಬರು ಅದಕ್ಕಿಂತ ಚೆನ್ನಾಗಿ ಮಾಡಬಹುದು. ಆದರೆ ಅಷ್ಟರಲ್ಲಿ ಪ್ರಿಂಟು ಪುಡಿಯಾಗಿ ಹೋಗಿದ್ದರೆ ಅವರಿಗೆ ಆಧಾರವಾಗಿ ಉಳಿಯುವುದು ಆ ತಿದ್ದದ ಸ್ಕ್ಯಾನ್ ಮಾತ್ರ.

ನಾವು ಕಳುಹಿಸಿದವುಗಳಲ್ಲಿ ಒಂದು 16 ಎಂಎಂ ಅಳತೆಯ ಕಪ್ಪು-ಬಿಳುಪು ಚಿತ್ರ, ಇನ್ನೊಂದು 1970ರ ದಶಕದ 35 ಎಂಎಂ ವರ್ಣಚಿತ್ರ. ವರ್ಣಚಿತ್ರದ ಒಂದು ರೀಲು ಎಲ್ಲಿ ಹೋಯಿತೋ ಮನೆಯವರಿಗೇ ತಿಳಿಯದು. ಉಳಿದ ರೀಲುಗಳನ್ನು ಬೆಳಕಿಗೆ ಹಿಡಿದರೆ ಆಕಾಶ, ಗಿಡಮರ, ಮುಖ, ಸೀರೆ ಎಲ್ಲವೂ ಒಂದೇ ಬಗೆಯ ನಸುಗೆಂಪು. ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳ ಸಾಮಾನ್ಯ ಗತಿ ಇದೇ ಆಗಿದೆ. ವರ್ಣ ಫಿಲ್ಮಿನಲ್ಲಿ ಚಿತ್ರ ನಿಂತಿರುವುದು ಹಸಿರುನೀಲಿ, ಮೆಜೆಂಟಾ (ಕಡುಗುಲಾಬಿ) ಮತ್ತು ಹಳದಿ ಎಂಬ ಮೂರು ಬಣ್ಣದ ಪದರಗಳ ಮೇಲೆ. ಡಬ್ಬಿಯ ಕತ್ತಲೆಯಲ್ಲಿ ಸುಮ್ಮನೆ ಇದ್ದರೂ ಇವುಗಳಲ್ಲಿ ಹಸಿರುನೀಲಿ ಎಲ್ಲಕ್ಕಿಂತ ಮೊದಲು ಮಾಸುತ್ತದೆ. ಕೆಂಪು ಬೆಳಕನ್ನು ತಡೆಯಬೇಕಾದ ಬಣ್ಣವೇ ಇಲ್ಲವಾದಾಗ ನೆರಳಿನಲ್ಲೂ ಬೆಳಕಿನಲ್ಲೂ ಕೆಂಪು ನುಗ್ಗಿಬರುತ್ತದೆ. ಸೆಕೆಯೂ ತೇವವೂ ಈ ಮಾಸುವಿಕೆಯ ವೇಗವನ್ನು ಹೆಚ್ಚಿಸುತ್ತವೆ, ನಮ್ಮ ಕರಾವಳಿಯಲ್ಲಿ ಎರಡಕ್ಕೂ ಬರವಿಲ್ಲ. ಕಪ್ಪು-ಬಿಳುಪು ಪ್ರಿಂಟಿನಲ್ಲಿ ಚಿತ್ರವಾಗಿರುವುದು ಬೆಳ್ಳಿಯ ಕಣಗಳಾದ್ದರಿಂದ ಅದು ಹೀಗೆ ಮಾಸುವುದಿಲ್ಲ, ಆದರೆ ಅದರ ಡಬ್ಬಿ ತೆರೆದೊಡನೆ ಮೂಗಿಗೆ ಹೊಡೆದ ಹುಳಿ ವಾಸನೆ ಬೇರೊಂದು ರೋಗವನ್ನು ಸೂಚಿಸುತ್ತಿತ್ತು. ಫಿಲ್ಮಿನ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ತಳ ತೇವಾಂಶದೊಡನೆ ಸೇರಿ ಒಡೆಯುತ್ತಾ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಆ ಆಮ್ಲವೇ ಮತ್ತೆ ಒಡೆಯುವಿಕೆಯನ್ನು ತೀವ್ರಗೊಳಿಸುತ್ತದೆ. ವಿನೆಗರ್ ಸಿಂಡ್ರೋಮ್ ಎಂದು ಕರೆಯುವ ಈ ರೋಗ 21 ಡಿಗ್ರಿ ಸೆಲ್ಸಿಯಸ್ ಮತ್ತು ಶೇ 50ರ ತೇವಾಂಶದಲ್ಲಿಟ್ಟ ಹೊಸ ಫಿಲ್ಮಿನಲ್ಲಿ ಕಾಣಿಸಿಕೊಳ್ಳಲು ಸುಮಾರು 40 ವರ್ಷ ಬೇಕು ಎಂಬುದು ಅಮೆರಿಕದ ರಾಚೆಸ್ಟರ್‌ನಲ್ಲಿರುವ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್‌ನ ಅಂದಾಜು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಕಾರವಾರದ ಅಟ್ಟಕ್ಕೆ ಆ ಲೆಕ್ಕ ಅನ್ವಯಿಸುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮಾಸಿದ ಪ್ರಿಂಟಿಗೆ ಹಣ ಸುರಿಯುವ ಮೊದಲು ಅದಕ್ಕಿಂತ ಒಳ್ಳೆಯ ಮೂಲ ಎಲ್ಲಾದರೂ ಉಳಿದಿದೆಯೇ ಎಂದು ವಿಚಾರಿಸುವುದು ಅಗತ್ಯ. ನೆಗೆಟಿವ್, ಅಂದರೆ ಕ್ಯಾಮೆರಾದಲ್ಲಿ ಓಡಿದ ಮೂಲ ಫಿಲ್ಮು ಸಿಕ್ಕರೆ ಪ್ರಿಂಟಿನ ಗೊಡವೆಯೇ ಬೇಡ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆಯವರ ಫಿಲ್ಮ್ ಫೌಂಡೇಶನ್ ಮೊದಲಾದವರ ಪ್ರಯತ್ನದಿಂದ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಆ ಮಟ್ಟದ ಕೆಲಸಕ್ಕೆ ಒಳ್ಳೆಯ ಮೂಲ, ದೊಡ್ಡ ಹಣ ಮತ್ತು ನುರಿತ ಪ್ರಯೋಗಾಲಯ ಮೂರೂ ಕೂಡಿಬರಬೇಕು. ಪುಣೆಯಲ್ಲಿ 1964ರಿಂದ ಇರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರದಲ್ಲಿ ನಮ್ಮ ಎಷ್ಟೋ ಚಿತ್ರಗಳು ಸುರಕ್ಷಿತವಾಗಿದ್ದರೂ, ಅದು ಹುಟ್ಟುವ ಹೊತ್ತಿಗೇ ಕಳೆದುಹೋಗಿದ್ದವು ಹಲವು. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ಇಂದು ನಮಗಿಲ್ಲ. ನಮ್ಮಲ್ಲಿ ಅನೇಕ ಚಿತ್ರಗಳ ಪ್ರದರ್ಶನ ಪ್ರಿಂಟುಗಳನ್ನು ಮೂಲ ನೆಗೆಟಿವ್‌ನಿಂದಲೇ ಮತ್ತೆ ಮತ್ತೆ ತೆಗೆಯುತ್ತಿದ್ದುದರಿಂದ ಚಿತ್ರ ಗೆದ್ದಷ್ಟೂ ನೆಗೆಟಿವ್ ಸವೆಯುತ್ತಿತ್ತು, ಇದೊಂದು ವಿಚಿತ್ರ ಶಿಕ್ಷೆ. ನಮ್ಮ ಎರಡೂ ಚಿತ್ರಗಳ ನೆಗೆಟಿವ್ ವಿಚಾರಿಸಿದ ಕಡೆಗಳಲ್ಲಿ ದೊರೆಯಲಿಲ್ಲವಾದ್ದರಿಂದ ಪ್ರಿಂಟೇ ಗತಿಯಾಯಿತು. ಇಲ್ಲಿ ಇನ್ನೊಂದು ಮಾತು: ಪ್ರಿಂಟಿನ ಡಬ್ಬಿ ಮನೆಯಲ್ಲಿದ್ದ ಮಾತ್ರಕ್ಕೆ ಚಿತ್ರದ ಹಕ್ಕು ನಮ್ಮದಾಗುವುದಿಲ್ಲ. ಚಲನಚಿತ್ರದ ಕೃತಿಸ್ವಾಮ್ಯ ನಮ್ಮ ದೇಶದಲ್ಲಿ ಪ್ರಕಟವಾದ ಮರುವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಸ್ಕ್ಯಾನ್ ಮಾಡಿಸಿದ್ದನ್ನು ಯೂಟ್ಯೂಬಿಗೆ ಏರಿಸುವ ಉತ್ಸಾಹವಿದ್ದವರು ಈ ಲೆಕ್ಕವನ್ನು ಮೊದಲು ಹಾಕಿಕೊಳ್ಳಬೇಕು.

ಸೇವೆಯ ಕಡೆಗೆ ಬಂದರೆ, ನನಗೆ ಅತ್ಯಂತ ಹಿಡಿಸಿದ್ದು ಸ್ಕ್ಯಾನಿಂಗಿಗಿಂತ ಮೊದಲು ನಡೆದ ತಪಾಸಣೆ. ಡಬ್ಬಿಗಳು ತಲುಪಿದ ಕೂಡಲೇ ಯಂತ್ರಕ್ಕೆ ಏರಿಸದೆ, ಪ್ರತಿಯೊಂದು ರೀಲನ್ನೂ ಕೈಯಿಂದ ತಿರುಗಿಸುವ ಮೇಜಿನ ಮೇಲೆ ನಿಧಾನವಾಗಿ ಬಿಚ್ಚಿ, ಎಷ್ಟು ಅಡಿಯಲ್ಲಿ ಏನು ದೋಷವಿದೆ ಎಂಬುದನ್ನು ಬರೆದ ವರದಿಯನ್ನು ಅವರು ಕಳುಹಿಸಿದರು. ಫಿಲ್ಮನ್ನು ಎಳೆಯಲು ಅಂಚಿನಲ್ಲಿರುವ ಸ್ಪ್ರಾಕೆಟ್ ರಂಧ್ರಗಳ ಹರುಕು, ಟೆಂಟ್ ಸಿನಿಮಾದ ಆಪರೇಟರುಗಳು ಅವಸರದಲ್ಲಿ ಹಾಕಿದ ಜಾಯಿಂಟುಗಳು, ಹಳೆಯ ಅಂಟುಪಟ್ಟಿಯ ಜಿಗುಟು, ಅಂಚಿನಲ್ಲಿ ಮುದ್ರಿತವಾದ ಕೊಡಕ್ ಕಂಪನಿಯ ವರ್ಷಸೂಚಕ ಚಿಹ್ನೆಗಳು, ಎಲ್ಲವೂ ಅದರಲ್ಲಿದ್ದವು. ಆಮ್ಲದ ಪ್ರಮಾಣವನ್ನು ತಿಳಿಯಲು ಡಬ್ಬಿಯೊಳಗೆ ಇಡುವ ಕಾಗದದ ಪಟ್ಟಿಯೊಂದಿದೆ. ಅದು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿದಂತೆ ರೋಗ ಬಲಿತಿದೆಯೆಂದು ಅರ್ಥ. ಸೊನ್ನೆಯಿಂದ ಮೂರರವರೆಗಿನ ಆ ಮಾಪನದಲ್ಲಿ 1.5 ದಾಟಿದ ಮೇಲೆ ಆಮ್ಲ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತಾ ಓಡುತ್ತದೆ. ನಮ್ಮ ಕಪ್ಪು-ಬಿಳುಪು ರೀಲುಗಳಲ್ಲಿ ಕೆಲವು ಆ ಗಡಿಯನ್ನು ದಾಟಿದ್ದವು ಎಂಬುದನ್ನು ತಿಳಿಸಿ, ಅವನ್ನೇ ಮೊದಲು ಸ್ಕ್ಯಾನ್ ಮಾಡಬೇಕೆಂದೂ ವರ್ಣಚಿತ್ರ ಇನ್ನೂ ಕಾಯಬಲ್ಲದೆಂದೂ ಅವರೇ ಸಲಹೆ ಕೊಟ್ಟರು. ಹೆಚ್ಚು ಹಣ ಬರುತ್ತಿದ್ದುದು ವರ್ಣಚಿತ್ರದಿಂದಲೇ ಎಂಬುದನ್ನು ನೆನೆದರೆ ಈ ಸಲಹೆಯ ಪ್ರಾಮಾಣಿಕತೆ ಅರ್ಥವಾಗುತ್ತದೆ.

ಬೂಷ್ಟಿನ ವಿಷಯದಲ್ಲೂ ಅವರ ಎಚ್ಚರಿಕೆ ಮೆಚ್ಚುವಂಥದು. ಫಿಲ್ಮಿನ ಮೇಲಿನ ಜೆಲಟಿನ್ ಲೇಪ ಶಿಲೀಂಧ್ರಕ್ಕೆ ಒಳ್ಳೆಯ ಆಹಾರ, ಮತ್ತು ಶಿಲೀಂಧ್ರ ತಿಂದ ಜಾಗದಲ್ಲಿ ಆ ಲೇಪ ನೀರಿಗೆ ಕರಗುವಷ್ಟು ದುರ್ಬಲವಾಗಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಷ್ಟಿನ ಜೊತೆಗೆ ನಾಯಕಿಯ ಮುಖವೂ ಬಟ್ಟೆಗೆ ಬಂದೀತು. ಮನೆಯಲ್ಲಿ ಡಬ್ಬಿ ಇಟ್ಟುಕೊಂಡವರು ಇದನ್ನು ದಯವಿಟ್ಟು ನೆನಪಿಡಬೇಕು: ನೀರು ಮುಟ್ಟಿಸಬಾರದು, ಬಿಸಿಲಿಗೆ ಒಣಹಾಕಬಾರದು, ಕೆಟ್ಟ ರೀಲನ್ನು ಒಳ್ಳೆಯ ರೀಲಿನ ಪಕ್ಕದಲ್ಲಿ ಇಡಬಾರದು. ಈ ಸೇವೆಯವರು ನೀರಿಲ್ಲದ ದ್ರಾವಣದಿಂದ, ಮೆತ್ತನೆಯ ಬಟ್ಟೆಯಲ್ಲಿ, ಅಡಿ ಅಡಿಯಾಗಿ ಸ್ವಚ್ಛಗೊಳಿಸಿದರು, ಮತ್ತು ಕೈಹಾಕಿದರೆ ಚಿತ್ರವೇ ಹೋಗುವಂತಿದ್ದ ಕಡೆಗಳಲ್ಲಿ ಕಲೆಯನ್ನು ಹಾಗೆಯೇ ಬಿಟ್ಟರು.

ಸ್ಕ್ಯಾನರು ಹಲ್ಲುಚಕ್ರವಿಲ್ಲದ್ದು. ಪ್ರೊಜೆಕ್ಟರಿನಲ್ಲಿ ಫಿಲ್ಮನ್ನು ರಂಧ್ರಕ್ಕೆ ಹಲ್ಲು ಕೊಟ್ಟು ಎಳೆಯಲಾಗುತ್ತದೆ. ಹುಳಿಯಾದ ಫಿಲ್ಮು ಕುಗ್ಗಿ ರಂಧ್ರಗಳ ನಡುವಿನ ಅಂತರ ಕಡಿಮೆಯಾಗಿರುವುದರಿಂದ ಶೇ 1ರಷ್ಟು ಕುಗ್ಗಿದ್ದರೂ ಸಾಕು, ಹಲ್ಲು ರಂಧ್ರವನ್ನು ಸೀಳಿಬಿಡಬಹುದು. ಇಲ್ಲಿ ಫಿಲ್ಮು ನಯವಾದ ಉರುಳೆಗಳ ಮೇಲೆ ಹಾದುಹೋಗುತ್ತದೆ, ಪ್ರತಿ ಚೌಕಟ್ಟೂ ನೆಟ್ಟಗೆ ನಿಲ್ಲುವಂತೆ ರಂಧ್ರದ ಅಂಚನ್ನು ಕ್ಯಾಮೆರಾ ಗುರುತಿಸುತ್ತದೆ. ನಮ್ಮ ರೀಲುಗಳು ಹಿಂದಿರುಗಿ ಬಂದಾಗ ವರದಿಯಲ್ಲಿದ್ದ ಹರುಕುಗಳ ಹೊರತು ಹೊಸದೊಂದನ್ನೂ ನಾವು ಕಾಣಲಿಲ್ಲ.

ಎಷ್ಟು ಕೆಯಲ್ಲಿ ಸ್ಕ್ಯಾನ್ ಮಾಡಿಸಬೇಕೆಂಬುದು ಎಲ್ಲರೂ ಕೇಳುವ ಪ್ರಶ್ನೆ. ‘ಕೆ’ ಎಂದರೆ ಚೌಕಟ್ಟಿನ ಅಗಲದಲ್ಲಿ ದಾಖಲಾಗುವ ಬಿಂದುಗಳ ಲೆಕ್ಕ, ಸಾವಿರಗಳಲ್ಲಿ. ಈ ಸೇವೆಯಲ್ಲಿ 4ಕೆ ದರ 2ಕೆ ದರದ ಹೆಚ್ಚುಕಡಿಮೆ ದುಪ್ಪಟ್ಟು. ನೆಗೆಟಿವ್ ಆಗಿದ್ದರೆ ನಾನು ಎರಡು ಮಾತಿಲ್ಲದೆ 4ಕೆ ಎನ್ನುತ್ತಿದ್ದೆ. ಊರೂರು ತಿರುಗಿ ಸವೆದ ಪ್ರದರ್ಶನ ಪ್ರಿಂಟಿನಲ್ಲಿ ಉಳಿದಿರುವ ವಿವರ ಸಾಮಾನ್ಯವಾಗಿ 2ಕೆಯ ಒಳಗೇ ಮುಗಿಯುತ್ತದೆ. ಅಲ್ಲಿ ಹೆಚ್ಚುವರಿ ಹಣವನ್ನು ಬಣ್ಣದ ಆಳಕ್ಕೆ, ಅಂದರೆ ಪ್ರತಿ ಬಿಂದುವಿಗೆ ಎಷ್ಟು ಬಿಟ್ ದಾಖಲಾಗುತ್ತದೆ ಎಂಬುದಕ್ಕೆ ವ್ಯಯಿಸುವುದು ಜಾಣತನ. ಮಾಸಿದ ಪ್ರಿಂಟಿನ ಕೆಂಪು ವಾಹಿನಿಯಲ್ಲಿ, ಅಂದರೆ ಸ್ಕ್ಯಾನಿನಲ್ಲಿ ಕೆಂಪು ಬೆಳಕು ದಾಖಲಾಗುವ ಭಾಗದಲ್ಲಿ, ಕಡು ನೆರಳಿಗೂ ತಿಳಿ ಬೆಳಕಿಗೂ ಇರುವ ಅಂತರ ಬಹಳ ಕಿರಿದಾಗಿರುತ್ತದೆ. ಬಣ್ಣವನ್ನು ಮರಳಿ ತರುವುದೆಂದರೆ ಆ ಕಿರಿದಾದ ಅಂತರವನ್ನು ಹಿಗ್ಗಿಸುವುದು. ಕಡಿಮೆ ಬಿಟ್‌ಗಳಲ್ಲಿ ದಾಖಲಾಗಿದ್ದರೆ ಹಿಗ್ಗಿಸಿದಾಗ ಆಕಾಶದಲ್ಲಿ ಪಟ್ಟೆಗಳು ಮೂಡುತ್ತವೆ, ಮುಖದ ನೆರಳಿನಲ್ಲಿ ಚುಕ್ಕೆಗಳು ಕುಣಿಯುತ್ತವೆ. ಈ ಸೇವೆಯವರು ಕೆಂಪು, ಹಸಿರು, ನೀಲಿ ಎಲ್‌ಇಡಿ ಬೆಳಕನ್ನು ಬೇರೆ ಬೇರೆಯಾಗಿ ಹೊಂದಿಸಿ ಸ್ಕ್ಯಾನ್ ಮಾಡಿದ್ದರಿಂದ, ಮಾಸಿದ ಪದರದಿಂದಲೂ ಪಡೆಯಬಹುದಾದಷ್ಟನ್ನು ಪಡೆದಿದ್ದಾರೆ. ತಾಂತ್ರಿಕವಾಗಿ ಇಡೀ ಸೇವೆಯ ಅತ್ಯುತ್ತಮ ಭಾಗ ಇದೇ.

ಬಣ್ಣ ತಿದ್ದಿದ ಪ್ರತಿಯ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ಮೊದಲು ಕಳುಹಿಸಿದ ಮಾದರಿಯಲ್ಲಿ ಕೆಂಪು ಪೂರ್ತಿ ಮಾಯವಾಗಿತ್ತು, ನಿಜ. ಅದರ ಜಾಗದಲ್ಲಿ ಇಂದಿನ ಧಾರಾವಾಹಿಗಳ ಬಣ್ಣ ಬಂದು ಕುಳಿತಿತ್ತು. ಹೊರಾಂಗಣದ ಗದ್ದೆಗಳು ಪ್ಲಾಸ್ಟಿಕ್ಕಿನಷ್ಟು ಹಸಿರು, ಸಮುದ್ರ ಪ್ರವಾಸೋದ್ಯಮದ ಜಾಹೀರಾತಿನಷ್ಟು ನೀಲಿ. ಜೋರು ಮಳೆಗಾಲ ಕಳೆದ ಮೇಲೂ ನಮ್ಮ ಕಡಲು ಆ ನೀಲಿಗೆ ಬರುವುದಿಲ್ಲವೆಂಬುದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಮಾಸಿದ ಬಣ್ಣ ಮೊದಲು ಹೇಗಿತ್ತೆಂಬುದಕ್ಕೆ ಸಾಕ್ಷಿ ಬೇಕು. ಅದೇ ಚಿತ್ರದ ಇನ್ನೊಂದು ಪ್ರಿಂಟು, ಛಾಯಾಗ್ರಾಹಕರ ನೆನಪು, ಒಂದೇ ಸೀರೆ ಒಳಾಂಗಣದಲ್ಲೂ ಹೊರಾಂಗಣದಲ್ಲೂ ಕಾಣಿಸಿಕೊಂಡಿದ್ದರೆ ಎರಡರ ಹೋಲಿಕೆ, ಬಿಳಿ ಪಂಚೆ, ಹಣೆಯ ವಿಭೂತಿ, ತಲೆಗೂದಲು ಮುಂತಾಗಿ ಬಣ್ಣ ಹೀಗೇ ಇರಬೇಕೆಂದು ಖಚಿತವಾಗಿ ಹೇಳಬಹುದಾದ ವಸ್ತುಗಳು, ಇವು ಆ ಸಾಕ್ಷಿಗಳು. ಪೋಸ್ಟರು ಮತ್ತು ಹಾಡಿನ ಪುಸ್ತಕಗಳನ್ನು ನಂಬುವಂತಿಲ್ಲ, ಅವು ಕೈಯಿಂದ ಬಣ್ಣ ಹಚ್ಚಿದವು. ನಾವು ಬಿಳಿ ಪಂಚೆಯನ್ನೂ ಕಪ್ಪು ಕೂದಲನ್ನೂ ಆಧಾರವಾಗಿಟ್ಟುಕೊಂಡು ದೃಶ್ಯವಾರು ಟಿಪ್ಪಣಿ ಬರೆದು ಕಳುಹಿಸಿದ ಮೇಲೆ ಬಂದ ಎರಡನೆಯ ಪ್ರತಿ ಸಾಕಷ್ಟು ಸಂಯಮದಿಂದ ಕೂಡಿತ್ತು. ಚರ್ಮದ ಬಣ್ಣ ಸಹಜವಾಯಿತು. ರಾತ್ರಿಯ ದೃಶ್ಯಗಳ ನೆರಳಿನಲ್ಲಿ ಸ್ವಲ್ಪ ಕೆಂಪು ಉಳಿದಿದೆ, ಅಲ್ಲಿ ಪದರವೇ ಇಲ್ಲವಾದ್ದರಿಂದ ಅದನ್ನು ಒಪ್ಪಿಕೊಳ್ಳಬೇಕು.

ಇದಕ್ಕಿಂತ ದೊಡ್ಡ ಆಕ್ಷೇಪ ಸ್ವಯಂಚಾಲಿತ ಶುಚಿಗೊಳಿಸುವಿಕೆಯ ಬಗ್ಗೆ. ಧೂಳು ಮತ್ತು ಗೀರುಗಳನ್ನು ಅಳಿಸುವ ತಂತ್ರಾಂಶ, ಒಂದು ಚೌಕಟ್ಟಿನಲ್ಲಿ ಮಾತ್ರ ಇದ್ದು ಹಿಂದು ಮುಂದಿನ ಚೌಕಟ್ಟುಗಳಲ್ಲಿ ಇಲ್ಲದ ಚುಕ್ಕೆಯನ್ನು ಕೊಳೆಯೆಂದು ತೀರ್ಮಾನಿಸಿ ಪಕ್ಕದ ಚೌಕಟ್ಟಿನಿಂದ ತೇಪೆ ಹಾಕುತ್ತದೆ. ಮಳೆಯ ಹನಿಯೂ ಒಂದೇ ಚೌಕಟ್ಟಿನಲ್ಲಿ ಇರುವ ಚುಕ್ಕೆಯೇ. ಕಪ್ಪು-ಬಿಳುಪು ಚಿತ್ರದ ಮಳೆಯ ದೃಶ್ಯವೊಂದರಲ್ಲಿ ಪಾತ್ರಗಳು ತೊಯ್ದು ತೊಪ್ಪೆಯಾಗಿ ನಿಂತಿದ್ದಾರೆ, ಕಂಬಳಿಕೊಪ್ಪೆಯಿಂದ ನೀರು ಇಳಿಯುತ್ತಿದೆ, ಆದರೆ ಮಳೆ ಮಾತ್ರ ಅಲ್ಲಲ್ಲಿ ನಿಂತು ಹೋಗಿದೆ! ಬಲೆ ಬೀಸುವ ದೃಶ್ಯದಲ್ಲಿ ಸಿಡಿಯುವ ನೀರಿಗೂ ಇದೇ ಗತಿ ಒದಗಿದೆ. ಫಿಲ್ಮಿನ ಸಹಜವಾದ ಕಣಗಳನ್ನೂ ದೋಷವೆಂದು ಭಾವಿಸಿ ಒರೆಸಿದ್ದರಿಂದ ಹತ್ತಿರದ ಮುಖಗಳು ಮೇಣ ಬಳಿದಂತೆ ನುಣುಪಾಗಿವೆ. ಟೆಂಟಿನಲ್ಲಿ ನೋಡಿದವರಿಗೆ ಪರದೆಯ ಮೇಲಿನ ಉದ್ದುದ್ದ ಗೀರುಗಳು ಹೊಸತಲ್ಲ, ಅವು ಇದ್ದರೂ ಕತೆಗೆ ಕುಂದಿಲ್ಲ. ನಟನ ಕೆನ್ನೆಯ ಸುಕ್ಕು ಅಳಿದರೆ ಅಭಿನಯವೇ ಅಳಿದಂತೆ. ತಿದ್ದದ ಸ್ಕ್ಯಾನ್ ನಮ್ಮ ಕೈಯಲ್ಲಿ ಇಲ್ಲದಿದ್ದರೆ ಈ ನಷ್ಟ ಶಾಶ್ವತವಾಗುತ್ತಿತ್ತು. ತಂತ್ರಾಂಶದ ಬಲವನ್ನು ತಗ್ಗಿಸಿ, ಮಳೆಯ ದೃಶ್ಯಗಳನ್ನು ಕೈಯಿಂದ ಮಾಡಿಕೊಡಲು ಕೇಳಿದಾಗ ಅದು ಬೇರೆ ದರದ ಕೆಲಸವೆಂಬ ಉತ್ತರ ಬಂತು. ದರ ಬೇರೆಯಾಗಿರಲಿ, ಆದರೆ ಯಂತ್ರದ ಕೆಲಸದ ಮಿತಿಯನ್ನು ದರಪಟ್ಟಿಯಲ್ಲಿಯೇ ಹೇಳಬೇಕಾಗಿತ್ತು.

ಚೌಕಟ್ಟಿನ ಆಕಾರದ ಬಗ್ಗೆ ಒಂದು ಸಣ್ಣ ಸೂಚನೆ ಸಾಕು. ಹಳೆಯ ಚಿತ್ರಗಳ ಚೌಕಟ್ಟು 1.37ಕ್ಕೆ 1ರ ಅನುಪಾತದ್ದು, ಇಂದಿನ ಟಿವಿ 16ಕ್ಕೆ 9ರದ್ದು. ಟಿವಿ ತುಂಬುವಂತೆ ಮಾಡಿಕೊಡಿ ಎಂದರೆ ಮೇಲೆ ತಲೆಯೂ ಕೆಳಗೆ ಕಾಲೂ ಹೋಗುತ್ತವೆ. ಇವರು ಕೇಳದೆಯೇ ಪೂರ್ಣ ಚೌಕಟ್ಟನ್ನು ಉಳಿಸಿಕೊಟ್ಟರು. ಕಪ್ಪು-ಬಿಳುಪಿಗೆ ಬಣ್ಣ ತುಂಬಿಸುವ ಸೇವೆಯೂ ಅವರ ಪಟ್ಟಿಯಲ್ಲಿದೆ. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಕೊಂಡು ಮರುಬಿಡುಗಡೆಯಾದದ್ದನ್ನು ಕಂಡ ನಮ್ಮಲ್ಲಿ ಕೆಲವರಿಗೆ ಆಸೆಯಿತ್ತು. ಅದು ಹೊಸ ಪ್ರೇಕ್ಷಕರಿಗಾಗಿ ಮಾಡುವ ಹೊಸ ಆವೃತ್ತಿ, ಸಂರಕ್ಷಣೆಯ ಲೆಕ್ಕದಲ್ಲಿ ಸೇರದು ಎಂದು ವಾದಿಸಿ ನಾನು ಆ ಖರ್ಚನ್ನು ತಪ್ಪಿಸಿದೆ.

ಧ್ವನಿಯ ಕೆಲಸ ನಿರಾಶೆ ತಂದಿತು. ಈ ಪ್ರಿಂಟುಗಳಲ್ಲಿ ಧ್ವನಿ ಇರುವುದು ಚಿತ್ರದ ಪಕ್ಕದಲ್ಲಿ ಓಡುವ ಬೆಳಕಿನ ಪಟ್ಟಿಯಾಗಿ. ಪ್ರೊಜೆಕ್ಟರಿನಲ್ಲಿ ಧ್ವನಿ ಓದುವ ಭಾಗ ಚಿತ್ರದ ಕಿಂಡಿಯಿಂದ ದೂರ ಇರುವುದರಿಂದ, ಒಂದು ಚೌಕಟ್ಟಿಗೆ ಸೇರಿದ ಧ್ವನಿ 16 ಎಂಎಂನಲ್ಲಿ 26 ಚೌಕಟ್ಟುಗಳಷ್ಟು ಮುಂದೆ ಅಚ್ಚಾಗಿರುತ್ತದೆ. ಹೀಗಾಗಿ ಜಾಯಿಂಟು ಬಿದ್ದ ಕಡೆ ಚಿತ್ರ ಒಮ್ಮೆ ಹಾರುತ್ತದೆ, ಧ್ವನಿ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಅಂತರದಲ್ಲಿ ಬೇರೆಯಾಗಿ ಹಾರುತ್ತದೆ. ಎರಡನ್ನೂ ಹೊಂದಿಸುವುದು ತಾಳ್ಮೆಯ ಕೆಲಸ, ಅದನ್ನು ಇವರು ಸರಿಯಾಗಿಯೇ ಮಾಡಿದ್ದಾರೆ. ಆದರೆ ಹಿನ್ನೆಲೆಯ ಸುಯ್ಯೆಂಬ ಸದ್ದನ್ನು ತೆಗೆಯುವ ಭರದಲ್ಲಿ ಮಾತಿನ ಸಕಾರ ಶಕಾರಗಳ ಮೊನೆಯನ್ನೂ ತೆಗೆದುಹಾಕಿದ್ದಾರೆ. ಹಾಡುಗಳಲ್ಲಿ ಪಿಟೀಲು ನೀರಿನೊಳಗಿಂದ ಕೇಳಿಸಿದಂತಿದೆ. ಒತ್ತಾಯಿಸಿದ ಮೇಲೆ ಸಂಸ್ಕರಿಸದ ಧ್ವನಿಯ ಕಡತವನ್ನು ಕೊಟ್ಟರು, ನಾವು ಪ್ರದರ್ಶನಕ್ಕೆ ಅದನ್ನೇ ಬಳಸುತ್ತಿದ್ದೇವೆ.

ದರವನ್ನು ಅಡಿಗಳ ಲೆಕ್ಕದಲ್ಲಿ ಹಾಕುತ್ತಾರೆ. ಸೆಕೆಂಡಿಗೆ 24 ಚೌಕಟ್ಟಿನಂತೆ 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ, 16 ಎಂಎಂ 36 ಅಡಿ ಓಡುತ್ತದೆ. ಎರಡು ಗಂಟೆಯ 35 ಎಂಎಂ ಚಿತ್ರ 10,800 ಅಡಿಯಾಗುತ್ತದೆ ಎಂಬುದನ್ನು ಮೊದಲೇ ಗುಣಿಸಿಕೊಂಡರೆ ಬಿಲ್ಲು ನೋಡಿ ಗಾಬರಿಯಾಗುವುದಿಲ್ಲ. ತಪಾಸಣೆ ಮತ್ತು ಶುಚಿಗೊಳಿಸುವಿಕೆಗೆ ಪ್ರತ್ಯೇಕ ದರವಿದೆ, ಅದು ನ್ಯಾಯವಾದದ್ದು. ನ್ಯಾಯವಲ್ಲದ್ದು, ಮೂಲ ಸ್ಕ್ಯಾನಿನ ಕಡತಗಳಿಗೆ ಇನ್ನೊಂದು ದರವಿರುವುದು. ಕೇಳದವರಿಗೆ ತಿದ್ದಿದ ಪ್ರತಿಯೊಂದೇ ಹೋಗುತ್ತದೆ. ಆ ಕಡತಗಳು ದೊಡ್ಡವು ಎಂಬುದು ಅವರ ಸಮಜಾಯಿಷಿ, ಅದೇನೋ ಸುಳ್ಳಲ್ಲ. 2ಕೆಯಲ್ಲಿ 10 ಬಿಟ್‌ನ ಒಂದು ಚೌಕಟ್ಟು ಸುಮಾರು 12.7 ಎಂಬಿ ಆದರೆ ಎರಡು ಗಂಟೆಯ ಚಿತ್ರದ 1,72,800 ಚೌಕಟ್ಟುಗಳಿಗೆ 2.2 ಟಿಬಿ ಬೇಕು, 4ಕೆಯಲ್ಲಿ 8.8 ಟಿಬಿ. ಬಿಟ್‌ಗಳನ್ನು ಹೆಚ್ಚಿಸಿದರೆ ಗಾತ್ರ ಇನ್ನೂ ಬೆಳೆಯುತ್ತದೆ. ಹಾರ್ಡ್‌ಡಿಸ್ಕ್ ನಮ್ಮದೇ ಕೊಟ್ಟ ಮೇಲೂ ಇದಕ್ಕೆ ಬೇರೆ ಹಣ ಕೇಳುವುದು ನನಗೆ ಸರಿಕಾಣಲಿಲ್ಲ. ನಾವು ಎರಡು ಡಿಸ್ಕ್‌ಗಳಲ್ಲಿ ಪ್ರತಿ ಪಡೆದು ಒಂದನ್ನು ಕಾರವಾರದಲ್ಲೂ ಇನ್ನೊಂದನ್ನು ಘಟ್ಟದ ಮೇಲೆ ಶಿರಸಿಯಲ್ಲೂ ಇಟ್ಟಿದ್ದೇವೆ. ಹಾರ್ಡ್‌ಡಿಸ್ಕ್ ಹಲವು ವರ್ಷ ಬಾಳುವ ಭರವಸೆ ಇಲ್ಲದ್ದರಿಂದ, ಹಣ ಕೂಡಿದಾಗ ಎಲ್‌ಟಿಒ ಎಂಬ, ಕಡತಗಳನ್ನು ದೀರ್ಘಕಾಲ ಕಾಪಿಡುವ ಕಾಂತೀಯ ಟೇಪಿಗೆ ಇಳಿಸುವ ಯೋಚನೆಯಿದೆ; ಆ ತಂತ್ರಜ್ಞಾನದ ಒಂಬತ್ತನೆಯ ತಲೆಮಾರಿನ ಒಂದು ಟೇಪಿನಲ್ಲಿ 18 ಟಿಬಿ ಹಿಡಿಯುತ್ತದೆ.

ಹಿಂದಿರುಗಿದ ಪ್ರಿಂಟುಗಳನ್ನು ಎಸೆಯುವ ಪ್ರಶ್ನೆಯಿಲ್ಲ. ತುಕ್ಕು ಹಿಡಿದ ತಗಡಿನ ಡಬ್ಬಿಗಳ ಬದಲು ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಗಳನ್ನು ಈ ಸೇವೆಯವರೇ ಒದಗಿಸಿದರು, ಬೆಲೆಯೂ ಮಿತವಾಗಿತ್ತು. ಬಿಗಿಯಾದ ತಗಡಿನೊಳಗೆ ಆಮ್ಲದ ಆವಿ ಹೊರಹೋಗಲಾರದೆ ಫಿಲ್ಮನ್ನೇ ತಿನ್ನುತ್ತದೆ. ಸಾಗಾಟಕ್ಕೆ ಮಾತ್ರ ಅವರ ಯಾವ ವ್ಯವಸ್ಥೆಯೂ ಇಲ್ಲ, ವಿಮೆಯೂ ಇಲ್ಲ. ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡ್ರಮ್ಮುಗಳಲ್ಲಿ ಇಟ್ಟು ನಮ್ಮಲ್ಲೊಬ್ಬರು ಜೊತೆಗೇ ಪ್ರಯಾಣಿಸಬೇಕಾಯಿತು. 1950ರ ದಶಕದ ಆರಂಭಕ್ಕಿಂತ ಹಿಂದಿನ 35 ಎಂಎಂ ರೀಲುಗಳು ಯಾರ ಬಳಿಯಾದರೂ ಇದ್ದರೆ ಅವು ಬೆಂಕಿಗೆ ಸುಲಭವಾಗಿ ತುತ್ತಾಗುವ ನೈಟ್ರೇಟ್ ತಳದ ಫಿಲ್ಮು ಆಗಿರುವ ಸಾಧ್ಯತೆಯಿದೆ, ಅಂಥವನ್ನು ಬಸ್ಸಿನಲ್ಲೋ ರೈಲಿನಲ್ಲೋ ಒಯ್ಯದೆ ಪುಣೆಯ ಸಂಗ್ರಹಾಗಾರದವರನ್ನು ಕೇಳಬೇಕು.

ಒಟ್ಟಿನಲ್ಲಿ ತಪಾಸಣೆಗೂ ಸ್ಕ್ಯಾನಿಗೂ ಈ ಸೇವೆಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಅವರ ಬಣ್ಣಕ್ಕೆ ಟಿಪ್ಪಣಿ ಬರೆದುಕೊಟ್ಟು ಕಾವಲು ಕಾಯುವ ವ್ಯವಧಾನವಿದ್ದರೆ ಮಾತ್ರ ಅದನ್ನೂ ಮಾಡಿಸಬಹುದು. ಧ್ವನಿ ಮತ್ತು ಸ್ವಯಂಚಾಲಿತ ಶುಚಿಗೊಳಿಸುವಿಕೆಯನ್ನು ಬೇಡವೆನ್ನುವುದೇ ಲೇಸು. ಅದೇ ಮನೆತನದ ಅಟ್ಟದಲ್ಲಿ ಇನ್ನೂ ಕೆಲವು ಡಬ್ಬಿಗಳಿವೆ. ಮಳೆಗಾಲ ಹಿಡಿಯುವ ಮೊದಲು ಅವನ್ನೂ ಕಳುಹಿಸಲಿದ್ದೇವೆ, ಈ ಸಲ ತಪಾಸಣೆ, ತಿದ್ದದ ಸ್ಕ್ಯಾನ್ ಮತ್ತು ಸಂಸ್ಕರಿಸದ ಧ್ವನಿ ಇಷ್ಟನ್ನೇ ಕೇಳಿ, ಮೂಲ ಕಡತಗಳ ದರ ಸೇರಿದ ಒಪ್ಪಂದವನ್ನು ಮುಂಚಿತವಾಗಿ ಬರೆಸಿಕೊಂಡು.